ನಾಗಲಿಂಗಪ್ಪನವರ ಹಿಮಬಂಡಿಗೆ ಯಾವ ಎಣ್ಣೆ?

ಸಿಂಗಪುರದಲ್ಲಿ ಹಿಮ ಬೀಳುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಮುಂದಿನದನ್ನೆಲ್ಲ ಕೇಳಿ ನಿಮಗೆ ನನ್ನ ಮೇಲೆ ಅನುಮಾನ ಬರುತ್ತದೆ. ಇಲ್ಲಿ ವರ್ಷವಿಡೀ ಒಂದೇ ಸೆಕೆ. ಬೆಳಗ್ಗೆ ಸ್ನಾನ ಮಾಡಿ ಲಿಫ್ಟ್ ಇಳಿಯುವಷ್ಟರಲ್ಲಿ ಇನ್ನೊಂದು ಸ್ನಾನ ಬೇಕಾಗುತ್ತದೆ. ಇಂಥ ಊರಿನ ಬುಕಿತ್ ಬಾಟೋಕಿನಲ್ಲಿ, ನಮ್ಮ ಬ್ಲಾಕಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಂಬಗಳ ನಡುವೆ ಖಾಲಿ ಬಿಟ್ಟಿರುವ ನೆಲಮಹಡಿಯಲ್ಲಿ, ಎರಡು ಸಾವಿರದ ಏಳನೇ ಇಸವಿಯಲ್ಲಿ ಒಂದು ಸ್ನೋಮೊಬೈಲ್ ಬಂದು ನಿಂತಿತು. ಮುಂದೆ ಎರಡು ಹಲಗೆ, ಕೆಳಗೆ ಅಗಲವಾದ ರಬ್ಬರ್ ಪಟ್ಟಿ, ಮೇಲೆ ಉದ್ದನೆಯ ಸೀಟು. ಹಿಮದ ಮೇಲೆ ಜಾರಿಕೊಂಡು ಓಡುವ ಗಾಡಿ. ಅದರ ಒಡೆಯರು ನಮ್ಮ ಎದುರು ಮನೆಯ ನಾಗಲಿಂಗಪ್ಪನವರು.

ನಾಗಲಿಂಗಪ್ಪನವರು ಗುಳೇದಗುಡ್ಡದ ಕಡೆಯವರು. ದಿನಾ ಬೆಳಗ್ಗೆ ಕಂಪನಿ ಬಸ್ಸು ಹತ್ತಿ ಜುರಾಂಗ್ ಐಲ್ಯಾಂಡಿಗೆ ಹೋಗುತ್ತಿದ್ದರು. ಅಲ್ಲಿ ಒಂದು ತೈಲ ಶುದ್ಧೀಕರಣದ ಕಾರ್ಖಾನೆಯಲ್ಲಿ ಅವರ ಕೆಲಸ ನೀರಿನದು. ಯಂತ್ರಗಳನ್ನು ತಣ್ಣಗಿಡುವ ನೀರು ಎಲ್ಲಿಂದ ಬಂತು, ಎಷ್ಟು ಬಿಸಿಯಾಯಿತು, ಅದರಲ್ಲಿ ಪಾಚಿ ಎಷ್ಟು, ಸುಣ್ಣ ಎಷ್ಟು ಎಂದು ನೋಡಿಕೊಳ್ಳುವುದು. ಎಣ್ಣೆಯನ್ನು ಅವರು ದೂರದಿಂದ, ಗೇಟಿನಾಚೆ ಕಂಡವರು.

ಆದರೆ ನಮ್ಮ ಕನ್ನಡದ ಮಂದಿಗೆ ಅವರು ಆಯಿಲ್ ಅಂಕಲ್. ಇದು ಆದದ್ದು ಹೀಗೆ. ಒಂದು ಯುಗಾದಿ ಊಟದಲ್ಲಿ ಯಾರೋ, ನೀವು ರಿಫೈನರಿಯವರಂತಲ್ಲ, ನನ್ನ ಕಾರಿಗೆ ಯಾವ ಆಯಿಲ್ ಹಾಕಿಸಲಿ ಎಂದು ಕೇಳಿದರು. ಬೇರೆ ಯಾರಾದರೂ ಆಗಿದ್ದರೆ, ನನಗೆ ಗೊತ್ತಿಲ್ಲ ಸ್ವಾಮಿ, ನಾನು ನೀರಿನವನು ಎಂದು ಹೇಳಿ ಹೋಳಿಗೆಯ ಕಡೆ ಗಮನ ಕೊಡುತ್ತಿದ್ದರು. ನಾಗಲಿಂಗಪ್ಪನವರು ದೊಡ್ಡ ಡಾಕ್ಟರುಗಳ ಹಾಗೆ ಸ್ವಲ್ಪ ಹೊತ್ತು ಸೂರಿನ ಕಡೆ ನೋಡಿ, "ಸಿಂಥೆಟಿಕ್ ಹಾಕ್ರಿ" ಎಂದರು. ಅಂದಿನಿಂದ ಕಾರು, ಬೈಕು, ಹೊಲಿಗೆ ಮೆಷೀನು, ಕಿರುಗುಟ್ಟುವ ಬಾಗಿಲು ಎಲ್ಲದಕ್ಕೂ ಅವರನ್ನೇ ಕೇಳುವುದು ರೂಢಿಯಾಯಿತು. ಎಲ್ಲದಕ್ಕೂ ಒಂದೇ ಉತ್ತರ. ನಾನೂ ನನ್ನ ಕಾರಿಗೆ ಸಿಂಥೆಟಿಕ್ ಹಾಕಿಸಿದೆ. ಕಾರು ಚೆನ್ನಾಗಿ ಓಡಿತು. ಮೊದಲೂ ಚೆನ್ನಾಗಿಯೇ ಓಡುತ್ತಿತ್ತು.

ಆ ವರ್ಷ ಎಲ್ಲೆಲ್ಲೂ ದುಡ್ಡಿನ ಹುಚ್ಚು. ಎಣ್ಣೆಯ ಬೆಲೆ ಏರಿದಷ್ಟೂ ಎಣ್ಣೆ ತೆಗೆಯುವವರ ಸಂಬಳ ಏರುತ್ತಿತ್ತು. ಕೆನಡಾದ ಆಲ್ಬರ್ಟಾ ಎಂಬಲ್ಲಿ ಮರಳಿನಿಂದ ಎಣ್ಣೆ ಹಿಂಡುತ್ತಾರಂತೆ, ಅಲ್ಲಿಗೆ ಜನ ಬೇಕಂತೆ ಎಂಬ ಸುದ್ದಿ ಕಂಪನಿ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಹರಿದಾಡಿತು. ನಾಗಲಿಂಗಪ್ಪನವರಿಗೆ ಅದು ಬರಿಯ ಸುದ್ದಿಯಾಗಿರಲಿಲ್ಲ. ಇಲ್ಲಿ ಅವರ ವಿಭಾಗವನ್ನು ಹೊರಗಿನವರಿಗೆ ಗುತ್ತಿಗೆ ಕೊಡುವುದು ನಿಶ್ಚಯವಾಗಿತ್ತು. ಬರುವ ಮಾರ್ಚ್ ಕಳೆದರೆ ಅವರಿಗೆ ಕೆಲಸವಿಲ್ಲ. ಐವತ್ತು ದಾಟಿದ ಮೇಲೆ ಹೊಸ ಕೆಲಸ ಹುಡುಕುವವನ ಕಷ್ಟವನ್ನು ನಾನು ಹೇಳಬೇಕಾಗಿಲ್ಲ. ಮಗಳು ಅಕ್ಷತಾಳ ಕಾಲೇಜು ಇನ್ನೂ ಒಂದು ವರ್ಷ ಇತ್ತು. ಅವರು ಆಲ್ಬರ್ಟಾಕ್ಕೆ ಅರ್ಜಿ ಹಾಕಿದರು.

ಹೆಂಡತಿ ಶಂಕ್ರೆವ್ವನವರು ಮಾತ್ರ ಒಲ್ಲೆ ಎಂದರು. ಚಳಿಗೆ ಹೆದರಿ ಅಲ್ಲ. ಅವರ ಅಡಿಗೆಮನೆಗೆ ಕುಸುಬಿ ಎಣ್ಣೆ ಬಿಟ್ಟು ಬೇರೆ ಎಣ್ಣೆಗೆ ಪ್ರವೇಶವಿಲ್ಲ. ಊರಿನ ಗಾಣದಲ್ಲಿ ಆಡಿಸಿದ ಎಣ್ಣೆಯನ್ನು ಅವರ ತಮ್ಮ ಬಿಳಿಯ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿ, ಸಿಂಗಪುರಕ್ಕೆ ಹೊರಟವರು ಯಾರೇ ಇರಲಿ ಅವರ ಕೈಗೆ ಕೊಟ್ಟು ಕಳಿಸುತ್ತಿದ್ದ. ಕೆನಡಾಕ್ಕೆ ಹೋಗುವವರು ಆ ಕಡೆ ಯಾರಿದ್ದಾರೆ? "ಕುಸುಬಿ ಎಣ್ಣಿ ಸಿಗದ ಊರಾಗ ನಾ ಕಾಲಿಡೂದಿಲ್ಲ" ಎಂದು ಅವರು ಎಲ್ಲರೆದುರು ಹೇಳಿಬಿಟ್ಟಿದ್ದರು. ನಾಗಲಿಂಗಪ್ಪನವರು ಹೂಂ ಎಂದಿದ್ದರು. ಅವರು ಹೂಂ ಎಂದರೆ ಕೇಳಿಸಲಿಲ್ಲ ಎಂದರ್ಥ.

ಇಲ್ಲಿ ದ್ವಾರಕನಾಥರ ಪ್ರವೇಶ. ಇವರು ನಮ್ಮ ಕನ್ನಡ ಕೂಟದ ಅಧ್ಯಕ್ಷರು. ಪಾಸಿರ್ ರಿಸ್‌ನಲ್ಲಿ ಸಮುದ್ರ ಕಾಣುವ ಕಾಂಡೋ ಅಪಾರ್ಟ್‌ಮೆಂಟು, ಅದರ ಪಕ್ಕದಲ್ಲೇ ಬಾಡಿಗೆಗೆ ಇನ್ನೊಂದು. ಆ ಇನ್ನೊಂದರಲ್ಲಿದ್ದ ಕೆನಡಾದ ಬಾಡಿಗೆದಾರ ಮಹಾಶಯ ಸಿಂಗಪುರಕ್ಕೆ ಬರುವಾಗ ಕಂಪನಿಯ ಖರ್ಚಿನಲ್ಲಿ ಮನೆಯನ್ನೆಲ್ಲ ಕಂಟೈನರಿಗೆ ತುಂಬಿಸಿದ್ದ. ತುಂಬುವವರು ಗ್ಯಾರೇಜಿನಲ್ಲಿದ್ದ ಸ್ನೋಮೊಬೈಲನ್ನೂ ಬಿಡದೆ ತುಂಬಿಬಿಟ್ಟಿದ್ದರು. ಈಗ ಅವನು ಆಸ್ಟ್ರೇಲಿಯಾಕ್ಕೆ ಹೊರಟುಹೋಗಿದ್ದ, ಗಾಡಿ ಕಾಂಡೋದಲ್ಲಿ ಉಳಿದಿತ್ತು, ಅದನ್ನು ತೆಗೆಸಿ ಎಂದು ಅಲ್ಲಿನ ಮ್ಯಾನೇಜರು ದಿನಾ ಫೋನ್ ಮಾಡುತ್ತಿದ್ದ. ದ್ವಾರಕನಾಥರ ಹೆಗಲ ಮೇಲೆ ಯಾವ ಭಾರವೂ ಬಹಳ ಹೊತ್ತು ಕೂತಿರುವುದಿಲ್ಲ. ಅವರು ನಾಗಲಿಂಗಪ್ಪನವರನ್ನು ಕರೆಸಿ, ಆಲ್ಬರ್ಟಾದಲ್ಲಿ ಈ ಗಾಡಿ ಇಲ್ಲದೆ ಅಂಗಡಿಗೆ ಹೋಗಿ ಹಾಲು ತರುವುದಕ್ಕೂ ಆಗುವುದಿಲ್ಲ ಎಂದು ವಿವರಿಸಿದರು. ನಾಗಲಿಂಗಪ್ಪನವರು ಚಹಾದ ಮನುಷ್ಯ. ಹಾಲಿನ ಮಾತು ಬಂದ ಮೇಲೆ ಅವರಿಗೆ ತಡೆಯಲಾಗಲಿಲ್ಲ. ಕೆಲಸ ಸಿಗುವ ಮೊದಲೇ ಗಾಡಿ ಸಿಕ್ಕಿತು.

ಗಾಡಿ ಬಂದು ಇಳಿದ ಮಾರನೆಯ ದಿನ ಬ್ಲಾಕಿನ ಉಸ್ತುವಾರಿ ಅಧಿಕಾರಿ ಬಂದರು. ವಾಯ್ಡ್ ಡೆಕ್ಕಿನಲ್ಲಿ ಯಾರೂ ಏನನ್ನೂ ಇಡುವ ಹಾಗಿಲ್ಲ. ಸೈಕಲ್ ಇಡಕೂಡದು, ಸೋಫಾ ಇಡಕೂಡದು, ಶೂ ರ್‍ಯಾಕ್ ಇಡಕೂಡದು. ಆದರೆ ಇದೇನೆಂದು ಅವರಿಗೆ ತಿಳಿಯಲಿಲ್ಲ. ಮೇಲಿನವರಿಗೆ ಫೋನ್ ಮಾಡಿದರು. ಮೇಲಿನವರು ಚಕ್ರ ಇದೆಯೇ ಎಂದರು. ಇಲ್ಲ. ಹಾಗಿದ್ದರೆ ವಾಹನವಲ್ಲ. ಸೀಟು ಇದೆಯೇ? ಉದ್ದನೆಯದು ಇದೆ. ಎಷ್ಟು ಜನ ಕೂರಬಹುದು? ಒತ್ತಿ ಕೂತರೆ ಮೂವರು. ಹಾಗಿದ್ದರೆ ಬೆಂಚು. ಬೆಂಚಿಗೆ ಅಡ್ಡಿಯಿಲ್ಲ, ಆದರೆ ಬೆಂಚು ಎಂದ ಮೇಲೆ ಸಾರ್ವಜನಿಕರಿಗೆ ಕೂರಲು ಅವಕಾಶವಿರಬೇಕು ಎಂದು ತೀರ್ಮಾನವಾಯಿತು. ಅಂದು ಸಂಜೆಯಿಂದಲೇ ಮೂರನೇ ಮಹಡಿಯ ರೊಕಿಯಾ ಆಂಟಿ ಮಾರ್ಕೆಟ್ಟಿನಿಂದ ಬರುವಾಗ ಚೀಲಗಳನ್ನು ಹ್ಯಾಂಡಲ್ಲಿಗೆ ನೇತುಹಾಕಿ ಸುಧಾರಿಸಿಕೊಳ್ಳತೊಡಗಿದರು. ಕೆಳಗೆ ಕಲ್ಲಿನ ಮೇಜಿನ ಬಳಿ ಚದುರಂಗ ಆಡುತ್ತಿದ್ದ ಅಂಕಲ್ ಲಿಮ್, ಆ ಸೀಟು ಕಲ್ಲಿಗಿಂತ ಮೆತ್ತಗಿದೆ ಎಂದು ಜಾಗ ಬದಲಾಯಿಸಿದರು.

ಇನ್ನು ಎಣ್ಣೆಯ ಪ್ರಶ್ನೆ. ಅದು ಟೂ-ಸ್ಟ್ರೋಕ್ ಇಂಜಿನ್ನು. ನಮ್ಮ ಕಾಲದ ಸ್ಕೂಟರುಗಳ ಹಾಗೆ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಕುಡಿಯುವ ಜಾತಿ. ಹಳೆಯ ಎಣ್ಣೆ ಡಾಂಬರಾಗಿತ್ತು, ಹೊಸದು ಹಾಕಬೇಕಿತ್ತು. ಅಂಕಲ್ ಲಿಮ್ ಪ್ರಾಯದಲ್ಲಿ ಮೋಟಾರು ದೋಣಿ ಇಟ್ಟುಕೊಂಡಿದ್ದವರು. ದೋಣಿಯ ಎಣ್ಣೆ ಹಾಕು, ಮಾರ್ಕೆಟ್ ಹಿಂದಿನ ಅಂಗಡಿಯಲ್ಲಿ ಸಿಗುತ್ತದೆ, ಅಗ್ಗ ಎಂದರು. ನನಗೂ ಅದೇ ಸರಿ ಎನಿಸಿತು. ನಾಗಲಿಂಗಪ್ಪನವರು ನಮ್ಮಿಬ್ಬರನ್ನೂ ಕನಿಕರದಿಂದ ನೋಡಿದರು. ದೋಣಿಯ ಎಣ್ಣೆಯನ್ನು ಹಿಮಕ್ಕೆ ಹಾಕುವುದೇ, ನಾನು ನನ್ನದೇ ಬ್ಲೆಂಡ್ ಮಾಡುತ್ತಿದ್ದೇನೆ ಎಂದರು. ಏನು ಬ್ಲೆಂಡ್ ಎಂದು ಕೇಳಿದೆ. ಸೂರಿನ ಕಡೆ ನೋಡಿದರು. ವಾಯ್ಡ್ ಡೆಕ್ಕಿನ ಸೂರಿನಲ್ಲಿ ಪಾರಿವಾಳದ ಗೂಡು ಬಿಟ್ಟರೆ ಏನೂ ಇರಲಿಲ್ಲ.

ದಸರೆಯ ವಾರದಲ್ಲಿ ಆಲ್ಬರ್ಟಾದಿಂದ ಡಗ್ಲಸ್ ಎಂಬ ಅಧಿಕಾರಿ ಸಂದರ್ಶನಕ್ಕೆ ಬಂದ. ಒಳಗೆ ನಡೆದದ್ದನ್ನು ನಾಗಲಿಂಗಪ್ಪನವರೇ ಸಂಜೆ ಬಹಳ ಹೆಮ್ಮೆಯಿಂದ ಹೇಳಿದರು. ಆ ಮನುಷ್ಯ ನೀರಿನ ಬಗ್ಗೆ ಕೇಳಿದನಂತೆ. ಇವರು ಎಣ್ಣೆಯ ಬಗ್ಗೆ ಹೇಳಿದರಂತೆ. ಅವನು ಮತ್ತೆ ನೀರಿಗೆ ಬಂದನಂತೆ. ಎಣ್ಣೆಯ ಕಂಪನಿಯವನು ನೀರು ಕೇಳುತ್ತಿದ್ದಾನೆಂದರೆ ಇದು ಬುದ್ಧಿವಂತಿಕೆಯ ಪರೀಕ್ಷೆಯೇ ಇರಬೇಕೆಂದು ಇವರು ಎಣ್ಣೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದರಂತೆ. ಅವನು ಕೊನೆಗೆ ಪೆನ್ನು ಮುಚ್ಚಿ, ಥ್ಯಾಂಕ್ಯೂ ಎಂದನಂತೆ. ಕೆಲಸ ಕೈತಪ್ಪಿತೆಂದು ನನಗೆ ಗೊತ್ತಾಯಿತು. ಆದರೆ ನಾಗಲಿಂಗಪ್ಪನವರು ಏಳುತ್ತ ಏಳುತ್ತ ತಮ್ಮಲ್ಲಿ ಸ್ನೋಮೊಬೈಲ್ ಇದೆ ಎಂದು ಹೇಳಿದ್ದರು. ಡಗ್ಲಸ್ ಕುರ್ಚಿಯಲ್ಲಿ ಮತ್ತೆ ಕೂತ. ಎಲ್ಲಿದೆ ಎಂದ. ಮನೆಯ ಕೆಳಗೆ ಎಂದರು. ಯಾವ ಎಣ್ಣೆ ಹಾಕುತ್ತೀರಿ ಎಂದ. ನನ್ನದೇ ಬ್ಲೆಂಡ್ ಎಂದರು. ಶನಿವಾರ ಬಿಡುವಿದೆ, ನೋಡಬಹುದೇ ಎಂದು ಕೇಳಿದನಂತೆ.

"ಕೆಲಸ ಆದಂಗೇ ತಿಳ್ಕೋರಿ, ಕೇಶವ್" ಎಂದರು ನಾಗಲಿಂಗಪ್ಪನವರು. ಶಂಕ್ರೆವ್ವನವರು ಒಳಗೆ ರೊಟ್ಟಿ ಬಡಿಯುತ್ತಿದ್ದರು. ಆ ಸದ್ದು ಒಂದು ಕ್ಷಣ ನಿಂತು, ಮತ್ತೆ ಜೋರಾಗಿ ಶುರುವಾಯಿತು.

ಶುಕ್ರವಾರ ನಾನು ಮಾರ್ಕೆಟ್ಟಿಗೆ ಹೋದಾಗ ಅದರ ಹಿಂದಿನ ದೋಣಿ ಸಾಮಾನಿನ ಅಂಗಡಿಯಿಂದ ನಾಗಲಿಂಗಪ್ಪನವರು ಹೊರಬರುತ್ತಿದ್ದರು. ಕೈಯಲ್ಲಿ ತರಕಾರಿ ಚೀಲ. ಮೇಲೆ ನುಗ್ಗೇಕಾಯಿ, ಕೆಳಗೆ ಅಂಕಲ್ ಲಿಮ್ ಹೇಳಿದ್ದ ಎಣ್ಣೆಯ ನೀಲಿ ಬಾಟಲಿ. ನನ್ನನ್ನು ಕಂಡು ನುಗ್ಗೇಕಾಯಿಯನ್ನು ಸರಿಪಡಿಸಿಕೊಂಡರು. ನಾನು ನುಗ್ಗೇಕಾಯಿಯ ಬೆಲೆ ಕೇಳಿ ಮುಂದೆ ಹೋದೆ. ಆಮೇಲೆ ಗೊತ್ತಾದದ್ದು, ಬಾಟಲಿಯ ಹೆಸರು ಯಾರಿಗೂ ಕಾಣಬಾರದೆಂದು ಅವರು ಅದರೊಳಗಿನ ನೀಲಿ ಎಣ್ಣೆಯನ್ನು ಮನೆಯಲ್ಲಿ ಖಾಲಿ ಇದ್ದ ಒಂದು ಬಿಳಿಯ ಡಬ್ಬಿಗೆ ಸುರಿದುಕೊಂಡರು. ಅದು ಕುಸುಬಿ ಎಣ್ಣೆ ಬಂದ ಡಬ್ಬಿ. ಅದರ ಜೊತೆಗಾರ ಡಬ್ಬಿ, ಹಬ್ಬದ ಕುಸುಬಿ ಎಣ್ಣೆ ತುಂಬಿಕೊಂಡು ಅಲ್ಲೇ ಒಲೆಯ ಪಕ್ಕದಲ್ಲಿತ್ತು.

ಶನಿವಾರ ಖಂಡೆ ಪೂಜೆ. ನಮ್ಮ ಬೆಂಗಳೂರಿನ ಕಡೆ ಆಯುಧಪೂಜೆ ಎಂದರೆ ಗಾಡಿಗೊಂದು ಹೂವಿನ ಹಾರ, ಚಕ್ರಕ್ಕೊಂದು ನಿಂಬೆಹಣ್ಣು, ಮುಗಿಯಿತು. ಶಂಕ್ರೆವ್ವನವರ ಮನೆಯಲ್ಲಿ ಹಾಗಲ್ಲ. ದುಡಿಯುವ ವಸ್ತು ಯಾವುದೂ ಪೂಜೆ ತಪ್ಪಿಸಿಕೊಳ್ಳುವಂತಿಲ್ಲ. ಈಳಿಗೆ, ಕೊಡಲಿ, ರೊಟ್ಟಿಯ ಹಂಚು, ಕುಕ್ಕರು, ಅಕ್ಷತಾಳ ಲ್ಯಾಪ್‌ಟಾಪು, ಎಲ್ಲವೂ ತೊಳೆಸಿಕೊಂಡು, ಒರೆಸಿಕೊಂಡು ದೇವರ ಮುಂದೆ ಸಾಲಾಗಿ ಕೂತಿದ್ದವು. ಅಡಿಗೆಗೆ ದುಡಿಯುವ ಎಣ್ಣೆಯ ಡಬ್ಬಿಯನ್ನು ಶಂಕ್ರೆವ್ವನವರು ಸಾಲಿಗೆ ಸೇರಿಸಿದರು. ಗಾಡಿಗೆ ದುಡಿಯಲಿರುವ ಎಣ್ಣೆಯ ಡಬ್ಬಿಯನ್ನು ನಾಗಲಿಂಗಪ್ಪನವರು ಸೇರಿಸಿದರು. ಎರಡಕ್ಕೂ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವು. ಮಂಗಳಾರತಿ ಮುಗಿದ ಮೇಲೆ ಇಬ್ಬರೂ ಕೈಮುಗಿದು ತಮ್ಮ ತಮ್ಮ ಡಬ್ಬಿ ಎತ್ತಿಕೊಂಡರು. ತಮ್ಮದೆಂದು ತಿಳಿದು ಎತ್ತಿಕೊಂಡರು ಎನ್ನುವುದು ಹೆಚ್ಚು ಸರಿ.

ಕೆಳಗೆ ಕನ್ನಡ ಕೂಟದ ಜನ ನೆರೆದಿತ್ತು. ಡಗ್ಲಸ್ ಬಂದಿದ್ದ, ಬಿಸಿಲಿಗೆ ಬೆಂದು ಕೆಂಪಗಾಗಿದ್ದ ದೊಡ್ಡ ಆಳು. ಗಾಡಿಯನ್ನು ಕಂಡದ್ದೇ ತವರಿನವರನ್ನು ಕಂಡಂತೆ ಅದರ ಬೆನ್ನು ಸವರಿದ. ದ್ವಾರಕನಾಥರು ಪಾಸಿರ್ ರಿಸ್‌ನಿಂದ ಜುಬ್ಬಾ ಹಾಕಿಕೊಂಡು ಬಂದು, ಈ ಗಾಡಿಯನ್ನು ಆರಿಸಿಕೊಟ್ಟವನು ನಾನೇ ಎಂದು ಅವನ ಕೈ ಕುಲುಕಿದರು. ನಾಗಲಿಂಗಪ್ಪನವರು ಗಾಜಿಗೆ ವಿಭೂತಿ ಹಚ್ಚಿದರು. ಚಕ್ರವಿಲ್ಲದ್ದರಿಂದ ನಿಂಬೆಹಣ್ಣನ್ನು ಎಲ್ಲಿಡುವುದೆಂದು ಸ್ವಲ್ಪ ಚರ್ಚೆಯಾಗಿ, ಮುಂದಿನ ಹಲಗೆಗಳ ಕೆಳಗೆ ಇಟ್ಟರು. ಸೀಟಿನ ಮೇಲಿನಿಂದ ಏಳಲು ಅಂಕಲ್ ಲಿಮ್ ಒಪ್ಪಲಿಲ್ಲ. ಇದು ಪಬ್ಲಿಕ್ ಬೆಂಚು ಎಂದರು. ಅಕ್ಷತಾ ಹೋಗಿ, "ಅಂಕಲ್, ಫೈವ್ ಮಿನಿಟ್ಸ್ ಓನ್ಲಿ ಲಾ" ಎಂದು ಇಲ್ಲಿಯವರ ಹಾಗೆ ಲಾ ಸೇರಿಸಿ ಬೇಡಿಕೊಂಡ ಮೇಲೆ ಎದ್ದರು.

ನಾಗಲಿಂಗಪ್ಪನವರು ಬಿಳಿಯ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಆ ಗಾಡಿಗೆ ಎಣ್ಣೆಗೇ ಬೇರೆ ಟ್ಯಾಂಕು ಇತ್ತು, ಅದಕ್ಕೆ ಸುರಿದರೆ ಸಾಕಿತ್ತು. ಆದರೆ ಗುಳೇದಗುಡ್ಡದಲ್ಲಿ ಹದಿನೈದು ವರ್ಷ ಸ್ಕೂಟರ್ ಹೊಡೆದ ಕೈ ಅದು. ಪೆಟ್ರೋಲಿಗೇ ಎಣ್ಣೆ ಬೆರೆಸದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಅಲ್ಲಿಗೆ ಸ್ವಲ್ಪ, ಇಲ್ಲಿಗೆ ಸ್ವಲ್ಪ, ದೇವರಿಗೆಂದು ಇನ್ನೂ ಸ್ವಲ್ಪ ಸುರಿದರು. ಎಣ್ಣೆಯ ಬಣ್ಣ ನೀಲಿ ಇರಲಿಲ್ಲ, ಹಳದಿ ಇತ್ತು. ಅದನ್ನು ನಾನು ನೋಡಿದೆ. ಬ್ಲೆಂಡ್ ಮಾಡಿರಬಹುದು ಎಂದುಕೊಂಡೆ, ನೋಡಿ, ನಾನೂ ಎಂಥ ಬುದ್ಧಿವಂತ.

ಹಗ್ಗ ಎಳೆದರು. ಗಾಡಿ ಕೆಮ್ಮಿ ಸುಮ್ಮನಾಯಿತು. ಮತ್ತೆ ಎಳೆದರು. ಆಗ ನಾಗಲಿಂಗಪ್ಪನವರೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸ್ಕೂಟರ್ ಸ್ಟಾರ್ಟ್ ಆಗದಿದ್ದರೆ ಏನು ಮಾಡಬೇಕೆಂದು ನಮ್ಮ ತಲೆಮಾರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಾಲಿಸಬೇಕು. ಕನ್ನಡ ಕೂಟದ ಗಂಡಸರೆಲ್ಲ ಪಂಚೆ ಎತ್ತಿ ಕಟ್ಟಿ, ಆ ಇನ್ನೂರು ಕಿಲೋದ ಗಾಡಿಯನ್ನು ಎಡಕ್ಕೆ ವಾಲಿಸಿ ಹಿಡಿದು, ಮೂರು ಎಣಿಸಿ ನೆಟ್ಟಗೆ ಮಾಡಿದೆವು. ಡಗ್ಲಸ್ ತನ್ನ ಊರಿನಲ್ಲಿ ಇದನ್ನು ಯಾರೂ ಮಾಡುವುದಿಲ್ಲವೆಂದು ಏನೋ ಹೇಳುತ್ತಿದ್ದ. ನಾಗಲಿಂಗಪ್ಪನವರು ಹಗ್ಗ ಎಳೆದರು. ಇಂಜಿನ್ನು ಭರ್ರೆಂದಿತು.

ಮೊದಲು ಬಂದದ್ದು ಹೊಗೆ. ಅದು ಡೆಂಗ್ಯೂವಿನ ವರ್ಷ, ಸೊಳ್ಳೆಗೆ ಹೊಗೆ ಬಿಡುವವರು ವಾರಕ್ಕೊಮ್ಮೆ ಬರುತ್ತಿದ್ದರು. ಸದ್ದು ಕೇಳಿ, ಬಿಳಿ ಹೊಗೆ ಏರುವುದನ್ನು ಕಂಡು ಹನ್ನೆರಡು ಮಹಡಿಯ ಕಿಟಕಿಗಳೂ ಪಟಪಟನೆ ಮುಚ್ಚಿಕೊಂಡವು. ಬಿದಿರಿನ ಗಳಕ್ಕೆ ಒಣಹಾಕಿದ್ದ ಬಟ್ಟೆಗಳು ಸರಸರನೆ ಒಳಗೆ ಹೋದವು. ಉಸ್ತುವಾರಿ ಅಧಿಕಾರಿ ಎಲ್ಲಿದ್ದರೋ ಓಡಿಬಂದು ಮೇಲಿನವರಿಗೆ ಫೋನ್ ಹಚ್ಚಿ, ಬೆಂಚು ಹೊಗೆ ಬಿಡುತ್ತಿದೆ ಎಂದರು. ಬೆಂಚಿನ ಮೇಲೆ ಕೂತು ಸೇದುತ್ತಿರುವವರು ಯಾರು ಎಂದು ಆ ಕಡೆಯಿಂದ ಕೇಳಿದರು. ಯಾರೂ ಕೂತಿಲ್ಲ, ಬೆಂಚೇ ಬಿಡುತ್ತಿದೆ ಎಂದರು.

ಆಮೇಲೆ ಬಂದದ್ದು ವಾಸನೆ. ಬಿಸಿ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ ಭಜ್ಜಿಯ ವಾಸನೆ. ಮುಚ್ಚಿದ್ದ ಕಿಟಕಿಗಳು ಒಂದೊಂದಾಗಿ ತೆರೆದವು. ತಲೆಗಳು ಹೊರಬಂದವು. ರೊಕಿಯಾ ಆಂಟಿ ಒಂದು ತಟ್ಟೆ ಹಿಡಿದೇ ಕೆಳಗೆ ಇಳಿದು ಬಂದರು, ಎಲ್ಲಿ ಕರಿಯುತ್ತಿದ್ದೀರಿ ಎಂದು ಕೇಳಿದರು. ಡಗ್ಲಸ್ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡ. ಇಪ್ಪತ್ತು ವರ್ಷ ಸ್ನೋಮೊಬೈಲ್ ಓಡಿಸಿದ್ದೇನೆ, ಹೊಗೆಯಲ್ಲಿ ಹಸಿವಾಗುವಂಥ ಎಣ್ಣೆ ಯಾವುದನ್ನೂ ಕಂಡಿಲ್ಲ ಎಂದ. ಇದರಲ್ಲಿ ಏನಿದೆ?

ನಾಗಲಿಂಗಪ್ಪನವರಿಗೂ ಅದೇ ಪ್ರಶ್ನೆ ಇತ್ತು. ಆದರೆ ಎದುರಿಗೆ ಕೆನಡಾ, ಸುತ್ತ ಕನ್ನಡ ಕೂಟ. ಅವರು ಸೂರಿನ ಕಡೆ ನೋಡಿದರು. "ಬ್ಲೆಂಡ್" ಎಂದರು. ದ್ವಾರಕನಾಥರು ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಆಯಿಲ್ ಅಂಕಲ್ ಅವರ ಜೀವನದಲ್ಲಿ ಅದಕ್ಕಿಂತ ಎತ್ತರದ ಗಳಿಗೆ ಇರಲಿಲ್ಲ.

ಅಷ್ಟರಲ್ಲಿ ಲಿಫ್ಟ್ ಬಾಗಿಲು ತೆರೆದು ಶಂಕ್ರೆವ್ವನವರು ಬಂದರು. ಕೈಯಲ್ಲಿ ವಿಭೂತಿ ಹಚ್ಚಿದ ಇನ್ನೊಂದು ಬಿಳಿಯ ಡಬ್ಬಿ. ಭಜ್ಜಿಗೆಂದು ಬಾಣಲೆಗೆ ಸುರಿಯಲು ಹೋದರೆ ನೀಲಿ ಎಣ್ಣೆ ಬಂದಿತ್ತು. ಅವರು ಡಬ್ಬಿಯನ್ನು ನೋಡಿದರು, ಗಾಡಿಯನ್ನು ನೋಡಿದರು, ವಾಸನೆ ಹಿಡಿದರು. ಎಲ್ಲ ತಿಳಿಯಿತು. ತಮ್ಮ ಹಬ್ಬದ ಎಣ್ಣೆ, ಒಡಹುಟ್ಟಿದವನು ಊರಿನಿಂದ ಕಳಿಸಿದ ಎಣ್ಣೆ, ಈ ಚಕ್ರವಿಲ್ಲದ ಬಂಡಿಯ ಹೊಟ್ಟೆಯಲ್ಲಿ ಉರಿಯುತ್ತಿದೆ. ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಇನ್ನೊಂದು ಯೋಚನೆಯೂ ಬಂದಿರಬೇಕು, ಯಾಕೆಂದರೆ ಅವರ ಮುಖ ಸಮಾಧಾನವಾಯಿತು. ನಿಜ ಹೇಳಿಬಿಟ್ಟರೆ ಈ ಕೆನಡಾ ಇಲ್ಲಿಗೇ ಮುಗಿಯುತ್ತದೆ.

"ಅಕ್ಷತಾ, ನಾ ಹೇಳಿದ್ದನ್ನ ಹೇಳಿದಂಗ ಸಾಹೇಬರಿಗೆ ಇಂಗ್ಲಿಷಿನ್ಯಾಗ ಹೇಳು" ಎಂದರು. "ಇದು ಬ್ಲೆಂಡ್ ಅಲ್ಲ, ನನ್ನ ಕುಸುಬಿ ಎಣ್ಣಿ. ಇವರಿಗೆ ಎಣ್ಣಿ ಅಂದ್ರ ಏನಂತ ಗೊತ್ತಿಲ್ಲ. ಅಡಿಗಿ ಎಣ್ಣಿ ಯಾವುದು, ಗಾಡಿ ಎಣ್ಣಿ ಯಾವುದು ಅಂತನೂ ಗೊತ್ತಾಗೂದಿಲ್ಲ. ಈ ಜನ್ಮದಾಗ ಇವರಿಗೆ ಗೊತ್ತಿರೂದು ನೀರು ಒಂದ."

ಅಕ್ಷತಾ ಅಪ್ಪನ ಮುಖ ನೋಡಿದಳು. ಅಪ್ಪ ಡಬ್ಬಿ ನೋಡುತ್ತಿದ್ದರು. ಅವಳು ಹೇಳಿದ್ದನ್ನು ಹೇಳಿದ ಹಾಗೆ ಹೇಳಿದಳು. ಕೊನೆಯಲ್ಲಿ ಒಂದು ಲಾ ಮಾತ್ರ ಸೇರಿಸಿದಳು. ಗಾಡಿ ಅಷ್ಟು ಹೊತ್ತಿಗೆ ಎರಡು ಸಲ ಕೆಮ್ಮಿ ನಿಂತುಹೋಯಿತು. ಕನ್ನಡ ಕೂಟದವರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ದ್ವಾರಕನಾಥರು, ಗಾಡಿಯನ್ನು ಆರಿಸಿದ್ದು ನಾನಲ್ಲ, ನನ್ನ ಬಾಡಿಗೆದಾರ ಎಂದು ಮೆಲ್ಲಗೆ ತಿದ್ದಿಕೊಂಡರು. ನನಗೆ ನಾಗಲಿಂಗಪ್ಪನವರ ಬಗ್ಗೆ ಮರುಕ ಬಂತು. ಜಂಬದ ಮನುಷ್ಯ ನಿಜ, ಆದರೆ ಮಾರ್ಚ್ ಕಳೆದರೆ ಆತನಿಗೆ ಕೆಲಸವಿರಲಿಲ್ಲ.

ಡಗ್ಲಸ್ ನಗಲಿಲ್ಲ. ನೀರು ಗೊತ್ತೇ, ನಿಜವಾಗಿಯೂ ಗೊತ್ತೇ ಎಂದು ನಾಗಲಿಂಗಪ್ಪನವರನ್ನು ಕೇಳಿದ. ಅವರು ತಲೆ ಎತ್ತದೆ ಹೂಂ ಎಂದರು. ಈ ಸಲ ಕೇಳಿಸಿಕೊಂಡೇ ಹೂಂ ಎಂದರು.

"ಈ ದ್ವೀಪದಲ್ಲಿ ನಾನು ಮಾತಾಡಿಸಿದವರೆಲ್ಲ ನನಗೆ ಎಣ್ಣೆಯ ಪಾಠ ಹೇಳಿದರು" ಎಂದ ಡಗ್ಲಸ್. "ನಮ್ಮಲ್ಲಿ ಎಣ್ಣೆಗೇನು ಬರವಿಲ್ಲ, ಕಾಲಿಟ್ಟಲ್ಲಿ ಎಣ್ಣೆ. ನಾನು ಹುಡುಕಿಕೊಂಡು ಬಂದದ್ದು ನೀರಿನವನನ್ನು."

ಎಂದವನು ಅಲ್ಲೇ ನಿಂತು ಏನೋ ಕೇಳಿದ. ಕೊಳವೆಯಲ್ಲಿ ಸುಣ್ಣ ಕಟ್ಟುವುದು, ಚಳಿಗೆ ನೀರು ಹೆಪ್ಪುಗಟ್ಟುವುದು, ಅಂಥದ್ದು. ನಾಗಲಿಂಗಪ್ಪನವರು ಮೊದಮೊದಲು ತಡವರಿಸಿದರು. ಆಮೇಲೆ ಕಲ್ಲಿನ ಮೇಜಿನ ಮೇಲೆ ಬೆರಳಿನಲ್ಲಿ ಕೊಳವೆಗಳನ್ನು ಬರೆಯತೊಡಗಿದರು. ಅಂಕಲ್ ಲಿಮ್ ಅವರ ಚದುರಂಗದ ಕಾಯಿಗಳು ಪಂಪುಗಳಾದವು. ಒಂದು ಸಲವೂ ಸೂರಿನ ಕಡೆ ನೋಡಲಿಲ್ಲ. ಅವರು ಹೇಳಿದ್ದರಲ್ಲಿ ಒಂದಕ್ಷರ ನನಗೆ ತಿಳಿಯಲಿಲ್ಲ, ಆದರೆ ಅವರು ತಿಳಿದು ಮಾತಾಡುವುದನ್ನು ನಾನು ಕೇಳಿದ್ದು ಅದೇ ಮೊದಲು. ಖುಷಿಯಾಯಿತು. ಡಗ್ಲಸ್ ಕೊನೆಗೆ, ಯಾವಾಗ ಬರುತ್ತೀರಿ ಎಂದು ಕೇಳಿ ಕೈ ಚಾಚಿದ.

ಶಂಕ್ರೆವ್ವನವರು ಡಬ್ಬಿ ಹಿಡಿದು ನಿಂತೇ ಇದ್ದರು. ಕೆಡವಲು ಎಸೆದ ಕಲ್ಲು ಹಣ್ಣನ್ನು ತಂದು ಗಂಡನ ಕೈಗೇ ಇಟ್ಟಿತ್ತು. ಅವರ ಬಳಿ ಇನ್ನೂ ಒಂದು ಮಾತು ಉಳಿದಿತ್ತು. ಕುಸುಬಿ ಎಣ್ಣೆ ಸಿಗದ ಊರಿಗೆ ತಾವು ಬರುವುದಿಲ್ಲವೆಂದು ಸಾಹೇಬರಿಗೆ ತಿಳಿಸು ಎಂದು ಮಗಳಿಗೆ ಹೇಳಿದರು. ಡಗ್ಲಸ್ ಹಾಗೆಂದರೇನು ಎಂದ. ಅಕ್ಷತಾ ತನಗೆ ತಿಳಿದಷ್ಟು ಹೇಳಿದಳು: ಮುಳ್ಳಿನ ಗಿಡ, ಕೇಸರಿ ಹೂವು, ಬಿಳಿ ಬೀಜ. ಡಗ್ಲಸ್ ಗಾಡಿಯ ಹತ್ತಿರ ಹೋಗಿ, ಅಲ್ಲಿದ್ದ ಡಬ್ಬಿಯ ತಳದ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದ, ನಾಲಗೆಗೂ ಮುಟ್ಟಿಸಿದ. ಆಮೇಲೆ ಬಹಳ ಹೊತ್ತು ಅಕ್ಷತಾಳ ಹತ್ತಿರ ಮಾತಾಡಿದ.

"ಅವ್ವಾ" ಎಂದಳು ಅಕ್ಷತಾ, "ಅವರ ಊರಿನ ಕಡೆ ಇದನ್ನ ಬೆಳೀತಾರಂತ. ಅವರ ಅಪ್ಪನ ಹೊಲದಾಗೂ ಕುಸುಬಿ ಐತಂತ."

ಶಂಕ್ರೆವ್ವನವರು ಹೋಗಿ ಬೆಂಚಿನ ಮೇಲೆ ಕೂತರು. ಕಣ್ಣಲ್ಲಿ ನೀರಿತ್ತು. ಸೋತದ್ದಕ್ಕೋ, ಆ ತುದಿಯಲ್ಲೂ ಒಂದು ಕುಸುಬಿಯ ಹೊಲವಿದೆ ಎಂಬುದಕ್ಕೋ, ಅವರಿಗೂ ಗೊತ್ತಿರಲಿಲ್ಲವೇನೋ. ಸ್ವಲ್ಪ ಹೊತ್ತು ಕೂತಿದ್ದು, ಗಾಣ ಹೆಂಗೈತಿ ಕೇಳು ಎಂದರು.

ಫೆಬ್ರವರಿಯಲ್ಲಿ ಅವರು ಹೊರಟರು. ಅಕ್ಷತಾ ಕಾಲೇಜು ಮುಗಿಯುವವರೆಗೆ ನಮ್ಮ ಮನೆಯಲ್ಲಿ ಉಳಿದಳು. ಉಳಿದದ್ದು ಅವಳೊಬ್ಬಳೇ ಅಲ್ಲ. ಗಾಡಿಯನ್ನು ಕಂಟೈನರಿಗೆ ಏರಿಸಲು ಜನ ಬಂದಾಗ ಉಸ್ತುವಾರಿ ಅಧಿಕಾರಿ ಅಡ್ಡ ನಿಂತರು. ಅದು ದಾಖಲಾಗಿರುವ ಬೆಂಚು, ನಿವಾಸಿಗಳ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಬೆಂಚನ್ನು ಸಾಗಿಸುವ ಹಾಗಿಲ್ಲ ಎಂದರು. ನಿವಾಸಿಗಳನ್ನು ಕೇಳಿದರೆ, ಅಂಕಲ್ ಲಿಮ್ ಸೀಟಿನಿಂದ ಏಳಲೇ ಇಲ್ಲ. ಹೀಗಾಗಿ ನಾಗಲಿಂಗಪ್ಪನವರು ಹಿಮವಿಲ್ಲದ ಊರಿನಲ್ಲಿ ಹಿಮಬಂಡಿ ಬಿಟ್ಟು, ಹಿಮದ ಊರಿಗೆ ಬರಿಗಾಲಿನಲ್ಲಿ, ಅಂದರೆ ಬರಿಯ ಬೂಟಿನಲ್ಲಿ ಹೋದರು.

ಮರುವಾರ ಅವರ ಫೋನ್ ಬಂತು. ನಾನು ಕೆಳಗೆ ಆ ಬೆಂಚಿನ ಮೇಲೆಯೇ ಅಂಕಲ್ ಲಿಮ್ ಪಕ್ಕದಲ್ಲಿ ಕೂತಿದ್ದೆ. ಹಾಲಿನ ಅಂಗಡಿ ರಸ್ತೆ ದಾಟಿದರೆ ಸಿಗುತ್ತದೆ, ನಡೆದೇ ಹೋಗುತ್ತೇನೆ ಎಂದರು. ಬೀದಿಯ ಎಲ್ಲರ ಮನೆಯಲ್ಲೂ ಸ್ನೋಮೊಬೈಲ್ ಇದೆಯಂತೆ. ಹಿಮವೇ ಇಲ್ಲದ ಊರಿನಲ್ಲಿ ತನ್ನದೇ ಎಣ್ಣೆ ಹಾಕಿ ಗಾಡಿ ಓಡಿಸಿದ ಮನುಷ್ಯ ಬಂದಿದ್ದಾನೆ ಎಂದು ಡಗ್ಲಸ್ ಊರಿಗೆಲ್ಲ ಹೇಳಿಬಿಟ್ಟಿದ್ದನಂತೆ. ಅವರೆಲ್ಲ ಯಾವ ಎಣ್ಣೆ ಹಾಕಬೇಕೆಂದು ಕೇಳಲು ಮನೆಗೆ ಬರುತ್ತಿದ್ದಾರಂತೆ.

ನೀವೇನು ಹೇಳಿದಿರಿ ಎಂದೆ.

"ಖರೇನ ಹೇಳಿದೆ. ನನಗ ಎಣ್ಣಿ ಗೊತ್ತಿಲ್ಲ, ನಾ ನೀರಿನವ ಅಂದೆ. ಯಾರೂ ನಂಬವಲ್ರು, ಕೇಶವ್. ಬ್ಲೆಂಡ್ ಮುಚ್ಚಿಡಾಕತ್ತಾನ ಅಂತಾರ."

ಅವರ ದನಿಯಲ್ಲಿ ಸಂಕಟಕ್ಕಿಂತ ಬೇರೆ ಏನೋ ಇತ್ತು. ಆಮೇಲೆ ಏನು ಮಾಡಿದಿರಿ ಎಂದು ಕೇಳಿದೆ. ಎಂಟು ಸಾವಿರ ಮೈಲಿಯಾಚೆ ಅವರು ಯಾವುದೋ ಸೂರಿನ ಕಡೆ ನೋಡುತ್ತಿರುವುದು ನನಗೆ ಇಲ್ಲಿಂದಲೇ ಗೊತ್ತಾಯಿತು.

"ಮತ್ತೇನು ಮಾಡೂದು" ಎಂದರು. "ಸಿಂಥೆಟಿಕ್ ಹಾಕ್ರಿ ಅಂದೆ."